ಜಾಗ ತುಂಬುವವರು ಬದಲಾದಾಗ: ಸೈಕೋಪಿಜಿ 2ರಿಂದ 3ಕ್ಕೆ ಸಾಗಿದ ಒಂದು ಪ್ರಕರಣ

ಈ ಪ್ರಕರಣದ ಕೇಂದ್ರದಲ್ಲಿರುವುದು ಪೈಥಾನ್ ಭಾಷೆಯಲ್ಲಿ ಬರೆದ ಒಂದು ದಾಸ್ತಾನು ನಿರ್ವಹಣೆಯ ತಂತ್ರಾಂಶ. ಅದರ ಮಾಹಿತಿಯೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿತ್ತು. ಭಾಷೆಗೂ ಡೇಟಾಬೇಸಿಗೂ ನಡುವಿನ ಕೊಂಡಿಯಾಗಿ ಸೈಕೋಪಿಜಿ 2 ಎಂಬ ಲೈಬ್ರರಿ ಹಲವು ವರ್ಷಗಳಿಂದ ತಕರಾರಿಲ್ಲದೆ ಕೆಲಸ ಮಾಡುತ್ತಿತ್ತು. ತಂತ್ರಾಂಶದಲ್ಲಿ ಮುಖ್ಯವಾಗಿ ಎರಡು ಪ್ರಕ್ರಿಯೆಗಳಿದ್ದವು. ಸರಕು ಒಳಬಂದದ್ದನ್ನೂ ಹೊರಹೋದದ್ದನ್ನೂ ದಾಖಲಿಸುವ ಪ್ರಕ್ರಿಯೆಯು ಡೇಟಾಬೇಸಿನೊಂದಿಗೆ ನೇರ ಸಂಪರ್ಕ ಇಟ್ಟುಕೊಂಡಿದ್ದರೆ, ಬಳಕೆದಾರರ ಕೋರಿಕೆಗಳಿಗೆ ಉತ್ತರಿಸುವ ವೆಬ್ ಭಾಗವು ಪಿಜಿಬೌನ್ಸರ್ ಎಂಬ ಸಂಪರ್ಕ ಹಂಚುವ ಮಧ್ಯವರ್ತಿಯ ಮೂಲಕ ಹೋಗುತ್ತಿತ್ತು. ಮುಂದೆ ಬರುವ ಎರಡು ದೊಡ್ಡ ತೊಡಕುಗಳು ಈ ಎರಡು ದಾರಿಗಳಲ್ಲಿ ಒಂದೊಂದು ಕಡೆ ಕಾಣಿಸಿಕೊಂಡದ್ದರಿಂದ ಈ ವಿವರವನ್ನು ಮೊದಲೇ ಹೇಳಬೇಕಾಯಿತು.

ಬದಲಾವಣೆಗೆ ಒತ್ತಾಯವೇನೂ ಇರಲಿಲ್ಲ. ಸೈಕೋಪಿಜಿ 2ರ ನಿರ್ವಹಣೆ ನಡೆಯುತ್ತಲೇ ಇದೆ. ಆದರೆ ಹೊಸ ಸೌಲಭ್ಯಗಳೆಲ್ಲ 2021ರ ಅಕ್ಟೋಬರಿನಲ್ಲಿ ಹೊರಬಂದ 3.0 ಮತ್ತು ಅದರ ಮುಂದಿನ ಆವೃತ್ತಿಗಳಿಗೆ ಸೇರುತ್ತಿವೆ. ವೆಬ್ ಭಾಗವನ್ನು ಪೈಥಾನಿನ ಅಸಿಂಕ್ ಮಾದರಿಗೆ (ಒಂದು ಕೆಲಸಕ್ಕೆ ಕಾಯುವಾಗ ಇನ್ನೊಂದನ್ನು ನಡೆಸುವ ರೀತಿಗೆ) ತರಬೇಕೆಂಬುದು ನಮ್ಮ ತಂಡದ ಉದ್ದೇಶವಾಗಿತ್ತು ಮತ್ತು ಆ ಮಾದರಿಗೆ ನೇರವಾಗಿ ಹೊಂದಿಕೊಳ್ಳುವುದು ಮೂರನೆಯ ಆವೃತ್ತಿಯೇ.

ಕೆಲಸದ ಅಂದಾಜು ಹಾಕುವಾಗ ನಾವು ಎಡವಿದ್ದು ಒಂದು ಸಮಾಧಾನದ ಮಾತಿನಿಂದ. ಎರಡೂ ಆವೃತ್ತಿಗಳು ಪೈಥಾನಿನ ಡೇಟಾಬೇಸ್ ಒಡಂಬಡಿಕೆಯಾದ ಪೆಪ್ 249ನ್ನು ಪಾಲಿಸುತ್ತವೆ, ಆದ್ದರಿಂದ ಇಂಪೋರ್ಟ್ ಸಾಲುಗಳನ್ನು ಬದಲಿಸಿ ಪರೀಕ್ಷೆಗಳನ್ನು ಓಡಿಸಿದರೆ ಸಾಕು ಎಂದುಕೊಂಡೆವು. ಮಾರ್ಕ್-ಆಂದ್ರೆ ಲೆಂಬುರ್ಗ್ ಅವರು 1999ರಲ್ಲಿ ಸಿದ್ಧಪಡಿಸಿದ ಆ ದಾಖಲೆಯನ್ನು ಗಮನವಿಟ್ಟು ಓದಿದ್ದರೆ ಅದು ಎಷ್ಟು ಕಡಿಮೆ ಮಾತು ಕೊಡುತ್ತದೆ ಎಂಬುದು ಗೊತ್ತಾಗುತ್ತಿತ್ತು. ಸಂಪರ್ಕ, ಕರ್ಸರ್, ಎಕ್ಸಿಕ್ಯೂಟ್, ಫೆಚ್, ಕಮಿಟ್, ರೋಲ್‌ಬ್ಯಾಕ್ ಇವುಗಳ ಹೆಸರು ಮತ್ತು ನಡತೆಯನ್ನು ಅದು ನಿಗದಿಪಡಿಸುತ್ತದೆ. ಕ್ವೆರಿಯೊಳಗೆ, ಅಂದರೆ ಡೇಟಾಬೇಸಿಗೆ ಕಳುಹಿಸುವ ಆಜ್ಞೆಯೊಳಗೆ, ಮೌಲ್ಯ ಕೂರಬೇಕಾದ ಜಾಗವನ್ನು ಗುರುತಿಸಲು ಐದು ಶೈಲಿಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಲು ಡ್ರೈವರಿಗೆ (ಸೈಕೋಪಿಜಿಯಂಥ ಕೊಂಡಿ ಲೈಬ್ರರಿಗೆ) ಬಿಡುತ್ತದೆ. ಆದರೆ ಆ ಜಾಗದಲ್ಲಿ ಮೌಲ್ಯವನ್ನು ಕೂರಿಸುವವರು ಯಾರು, ನಮ್ಮ ಕಡೆಯ ಲೈಬ್ರರಿಯೋ ಅಥವಾ ದೂರದ ಸರ್ವರೋ ಎಂಬುದನ್ನು ಹೇಳುವುದೇ ಇಲ್ಲ. ನಮಗೆ ಎದುರಾದ ತೊಂದರೆಗಳ ದೊಡ್ಡ ಪಾಲು ಹುಟ್ಟಿದ್ದು ಆ ಮೌನದಿಂದ.

ಸೈಕೋಪಿಜಿ 2ರಲ್ಲಿ ಮೌಲ್ಯ ಕೂರಿಸುವ ಕೆಲಸ ಲೈಬ್ರರಿಯದು. ಕ್ವೆರಿಯ ಪಠ್ಯದಲ್ಲಿ ಶೇಕಡಾ ಚಿಹ್ನೆಯ ಜಾಗಗುರುತು ಎಲ್ಲಿದೆಯೋ ಅಲ್ಲಿ ಮೌಲ್ಯವನ್ನು ಸರಿಯಾದ ಉದ್ಧರಣ ಚಿಹ್ನೆಗಳೊಂದಿಗೆ ಸೇರಿಸಿ, ಪೂರ್ಣಗೊಂಡ ಒಂದೇ ಪಠ್ಯವನ್ನು ಅದು ಸರ್ವರಿಗೆ ಕಳುಹಿಸುತ್ತದೆ. ಆ ಪಠ್ಯವನ್ನು ಯಾರೋ ಕೈಯಲ್ಲಿ ಬರೆದು ಕಳುಹಿಸಿದ್ದರೂ ಸರ್ವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮೂರನೆಯ ಆವೃತ್ತಿಯಲ್ಲಿ ಲೈಬ್ರರಿಯು ಜಾಗಗುರುತುಗಳನ್ನು $1, $2 ಎಂದು ಬದಲಿಸಿ ಪಠ್ಯವನ್ನೂ ಮೌಲ್ಯಗಳನ್ನೂ ಬೇರೆಬೇರೆಯಾಗಿ ರವಾನಿಸುತ್ತದೆ. ಪಠ್ಯವನ್ನು ಪದಚ್ಛೇದ ಮಾಡಿ ಅರ್ಥೈಸುವ ಹೊತ್ತಿಗೆ ಸರ್ವರಿನ ಮುಂದೆ ಮೌಲ್ಯಗಳಿರುವುದಿಲ್ಲ, ಅವುಗಳ ಜಾಗಗಳಷ್ಟೇ ಇರುತ್ತವೆ. ಮೇಲ್ನೋಟಕ್ಕೆ ಇದು ಒಳಗಿನ ವ್ಯವಸ್ಥೆಯ ವಿಷಯ. ಬಳಸುವವನು ಬರೆಯುವ ಸಾಲು ಅಕ್ಷರಶಃ ಅದೇ ಆಗಿರುತ್ತದೆ. ಆದರೆ ವ್ಯಾಕರಣದ ಪ್ರಕಾರ ಮೌಲ್ಯವೊಂದು ಬರಬಹುದಾದ ಕಡೆಯಲ್ಲಿ ಮಾತ್ರ $1 ಬರಲು ಸಾಧ್ಯ. ಪಠ್ಯ ಜೋಡಣೆಯ ಕಾಲದಲ್ಲಿ ಈ ನಿರ್ಬಂಧ ಇರಲಿಲ್ಲ.

ಹಾಗಾಗಿ ಮೊದಲ ಬಾರಿಗೆ ಪರೀಕ್ಷೆಗಳನ್ನು ಓಡಿಸಿದಾಗ ಬಂದ ದೋಷಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಂಡವು. ಇನ್ (IN) ಪದದ ಮುಂದೆ ಟಪಲ್, ಅಂದರೆ ಮೌಲ್ಯಗಳ ಗುಂಪು, ಕೊಟ್ಟ ಕ್ವೆರಿಗಳು $1ರ ಬಳಿ ವ್ಯಾಕರಣ ದೋಷ ಎಂದು ನಿಂತವು. ಸಮಯವಲಯವನ್ನು ಸೆಟ್ ಆಜ್ಞೆಯ ಮೂಲಕ ನಿಗದಿಪಡಿಸುತ್ತಿದ್ದ ಸಾಲು ಬಿದ್ದಿತು, ಏಕೆಂದರೆ ಸೆಟ್ ಆಜ್ಞೆ ಪ್ಯಾರಾಮೀಟರುಗಳನ್ನು ಸ್ವೀಕರಿಸುವುದಿಲ್ಲ; ಅದರ ಬದಲು ಸೆಟ್ ಕಾನ್ಫಿಗ್ ಎಂಬ ಫಂಕ್ಷನ್ನನ್ನು ಕರೆಯಬೇಕಾಯಿತು. ಇಂಟರ್ವಲ್ ಎಂಬ ಪದದ ಮುಂದೆ ಜಾಗಗುರುತು ಇಟ್ಟಿದ್ದ ವರದಿ ಕ್ವೆರಿಯಲ್ಲಿ ಆ ಪದವನ್ನು ತೆಗೆದು, ಮೌಲ್ಯದ ನಂತರ ಜೋಡಿ ವಿರಾಮಬಿಂದುಗಳ (::) ಬಗೆಪರಿವರ್ತನೆಯನ್ನು ಬರೆಯಬೇಕಾಯಿತು. ಅರ್ಧವಿರಾಮದಿಂದ ಜೋಡಿಸಿದ ಎರಡು ಆಜ್ಞೆಗಳಿಗೆ ಒಟ್ಟಿಗೆ ಮೌಲ್ಯಗಳನ್ನು ಕೊಟ್ಟಿದ್ದ ಕಡೆಗಳಲ್ಲಿ ಅವನ್ನು ಬೇರ್ಪಡಿಸಬೇಕಾಯಿತು. ಐಚ್ಛಿಕ ಶೋಧಕಗಳಲ್ಲಿ, ಅಂದರೆ ಮೌಲ್ಯ ಕೊಡದಿದ್ದರೆ ಎಲ್ಲ ಸಾಲುಗಳೂ ಬರಲಿ ಎಂದು ಮೌಲ್ಯವು ನಲ್ (ಖಾಲಿ) ಆಗಿದೆಯೇ ಎಂದು ಪರೀಕ್ಷಿಸುವ ಷರತ್ತುಗಳಲ್ಲಿ, ಪ್ಯಾರಾಮೀಟರಿನ ಬಗೆ ಯಾವುದೆಂದು ತೀರ್ಮಾನಿಸಲಾಗದು ಎಂಬ ಉತ್ತರ ಬಂದಿತು. ಸರ್ವರಿನ ಈ ಆಕ್ಷೇಪ ನ್ಯಾಯವಾದದ್ದೇ: ಬಗೆ ಗೊತ್ತಿಲ್ಲದ ವಸ್ತುವನ್ನು ನಲ್ ಹೌದೋ ಅಲ್ಲವೋ ಎಂದು ಕೇಳಿದರೆ ಅದಕ್ಕೆ ಬಗೆಯನ್ನು ಊಹಿಸಲು ಅಕ್ಕಪಕ್ಕದಲ್ಲಿ ಯಾವ ಸುಳಿವೂ ಇರುವುದಿಲ್ಲ.

ಮೊದಲ ಎರಡು ದಿನ ನಾವು ಇವನ್ನು ಪ್ರತ್ಯೇಕ ದೋಷಗಳೆಂದೇ ಎಣಿಸಿ, ಪ್ರತ್ಯೇಕ ಟಿಕೆಟ್ಟುಗಳಾಗಿ ಬರೆದುಕೊಂಡು ಒಂದೊಂದಾಗಿ ಸರಿಪಡಿಸಹೊರಟೆವು. ಮೌಲ್ಯ ತುಂಬುವ ಹೊಣೆ ಸರ್ವರಿಗೆ ಹೋಗಿದೆ ಎಂಬ ಒಂದೇ ವಾಕ್ಯ ತಲೆಗೆ ಹತ್ತಿದ ಮೇಲೆ ಪಟ್ಟಿಯ ಅಗತ್ಯ ಉಳಿಯಲಿಲ್ಲ. ಕೋಡನ್ನು ಕಣ್ಣಾಡಿಸಿದರೆ ಸಾಕು, ಯಾವ ಸಾಲು ಬೀಳುತ್ತದೆಂದು ಓಡಿಸುವ ಮೊದಲೇ ಹೇಳಬಹುದಿತ್ತು. ಇನ್ ಬದಲಿಗೆ ಎನಿ (ANY) ಪದ ಬಳಸಿ ಲಿಸ್ಟ್ ಕೊಡುವ ಹೊಸ ರೂಪದಿಂದ ಒಂದು ಅನಿರೀಕ್ಷಿತ ಲಾಭವೂ ಆಯಿತು. ಹಳೆಯ ರೂಪದಲ್ಲಿ ಖಾಲಿ ಟಪಲ್ ಕೊಟ್ಟರೆ ಕ್ವೆರಿ ವ್ಯಾಕರಣ ಕೆಟ್ಟು ಬೀಳುತ್ತಿತ್ತು, ಅದನ್ನು ತಪ್ಪಿಸಲು ಎಲ್ಲೆಡೆ ಖಾಲಿ ಇದೆಯೇ ಎಂಬ ಪರೀಕ್ಷೆಗಳನ್ನು ಬರೆದಿದ್ದೆವು. ಖಾಲಿ ಲಿಸ್ಟಿಗೆ ಎನಿ ಯಾವ ಸಾಲನ್ನೂ ಕೊಡದೆ ಸುಮ್ಮನಾಗುವುದರಿಂದ ಆ ಪರೀಕ್ಷೆಗಳನ್ನೆಲ್ಲ ಅಳಿಸಿಹಾಕಿದೆವು.

ಕಾಲಂಗಳ ಬಗೆಗಳಲ್ಲಿ ಆದ ಬದಲಾವಣೆ ಇಷ್ಟು ಪ್ರಾಮಾಣಿಕವಾಗಿ ತನ್ನನ್ನು ತೋರಿಸಿಕೊಳ್ಳಲಿಲ್ಲ. ಯುಯುಐಡಿ (ಅನನ್ಯ ಗುರುತುಸಂಖ್ಯೆ) ಕಾಲಂಗಳನ್ನು ಎರಡನೆಯ ಆವೃತ್ತಿ ಸಾಮಾನ್ಯವಾಗಿ ಅಕ್ಷರಸರಣಿಯಾಗಿ ಕೊಡುತ್ತಿತ್ತು, ಮೂರನೆಯದು ಪೈಥಾನಿನ ಯುಯುಐಡಿ ವಸ್ತುವಾಗಿ ಕೊಡುತ್ತದೆ. ಅಕ್ಷರಸರಣಿಯೊಂದನ್ನು ಈ ವಸ್ತುವಿನೊಂದಿಗೆ ಹೋಲಿಸಿದರೆ ಪೈಥಾನ್ ದೋಷ ಎತ್ತುವುದಿಲ್ಲ, ಸಮವಲ್ಲ ಎಂದಷ್ಟೇ ಹೇಳುತ್ತದೆ. ಕೋರಿಕೆಯಲ್ಲಿ ಬಂದ ಗುರುತುಸಂಖ್ಯೆಯನ್ನು ಡಿಕ್ಷನರಿಯಲ್ಲಿ ಹುಡುಕುವ ಒಂದು ಕಡೆ ಪ್ರತಿ ಹುಡುಕಾಟವೂ ವಿಫಲವಾಗಿ, ಪ್ರತಿಯೊಂದು ಸರಕೂ ಹೊಸ ಸರಕು ಎಂದು ಪರಿಗಣಿತವಾಯಿತು. ಅದೃಷ್ಟಕ್ಕೆ ಇದು ಪರೀಕ್ಷೆಯಲ್ಲೇ ಸಿಕ್ಕಿತು. ಇದಕ್ಕೆ ಹೋಲಿಸಿದರೆ ಐನೆಟ್ ಕಾಲಂ ಅಕ್ಷರಸರಣಿಯ ಬದಲು ಐಪಿ ವಿಳಾಸದ ವಸ್ತುವಾಗಿ ಬಂದು ಜೇಸನ್ ಆಗಿ ಪರಿವರ್ತಿಸುವಾಗ ಗಟ್ಟಿಯಾಗಿ ಕೂಗಿಕೊಂಡದ್ದು ಉಪಕಾರವೇ.

ಇನ್ನು ಸರಕು ದಾಖಲಿಸುವ ಪ್ರಕ್ರಿಯೆಯ ವಿಷಯ. ನೇರ ಸಂಪರ್ಕ ಹೊಂದಿದ್ದ ಈ ಭಾಗವೇ ಸರಳವಾದದ್ದೆಂದು ಅದನ್ನು ಮೊದಲು ಬದಲಿಸಿದೆವು. ಪ್ರಕ್ರಿಯೆ ಆರಂಭವಾದಾಗ ಒಂದು ಸಂಪರ್ಕ ತೆರೆದು, ಅದನ್ನು ದಿನಗಟ್ಟಲೆ ಇಟ್ಟುಕೊಂಡು, ಪ್ರತಿ ದಾಖಲೆಗೂ ವಿತ್ ಎಂಬ ಬ್ಲಾಕಿನೊಳಗೆ ಅದನ್ನೇ ಬಳಸುವುದು ಹಳೆಯ ಪದ್ಧತಿ. 2013ರಲ್ಲಿ ಬಂದ 2.5ರಿಂದ ಸೈಕೋಪಿಜಿಯಲ್ಲಿ ಸಂಪರ್ಕದ ಮೇಲಿನ ವಿತ್ ಬ್ಲಾಕಿಗೆ ಇದ್ದ ಅರ್ಥ ಟ್ರಾನ್ಸಾಕ್ಷನ್ (ಒಟ್ಟಾಗಿ ಆಗಬೇಕಾದ ಆಜ್ಞೆಗಳ ಗುಂಪು) ಮುಗಿಸುವುದು: ಬ್ಲಾಕು ಸುಗಮವಾಗಿ ಮುಗಿದರೆ ಕಮಿಟ್, ಅಂದರೆ ಬರೆದದ್ದು ಖಾಯಂ; ದೋಷ ಬಂದರೆ ರೋಲ್‌ಬ್ಯಾಕ್, ಅಂದರೆ ಬರೆದದ್ದು ರದ್ದು; ಎರಡೂ ಸಂದರ್ಭದಲ್ಲಿ ಸಂಪರ್ಕ ತೆರೆದೇ ಇರುತ್ತದೆ. ಪೈಥಾನಿನಲ್ಲಿ ಫೈಲ್ ತೆರೆಯುವ ವಿತ್ ಬ್ಲಾಕು ಕೊನೆಯಲ್ಲಿ ಫೈಲನ್ನು ಮುಚ್ಚುವುದು ಎಲ್ಲರಿಗೂ ರೂಢಿಯಾದ ಕಾರಣ ಇಲ್ಲಿನ ನಡತೆ ಹೊಸಬರನ್ನು ಯಾವಾಗಲೂ ಗಲಿಬಿಲಿಗೊಳಿಸುತ್ತಿತ್ತು. ಮೂರನೆಯ ಆವೃತ್ತಿ ಈ ಅಸಂಗತಿಯನ್ನು ತಿದ್ದಿತು; ಬ್ಲಾಕಿನ ಕೊನೆಯಲ್ಲಿ ಕಮಿಟ್ ಅಥವಾ ರೋಲ್‌ಬ್ಯಾಕ್ ಆದ ಮೇಲೆ ಸಂಪರ್ಕವೂ ಮುಚ್ಚುತ್ತದೆ. ನನ್ನ ಅಭಿಪ್ರಾಯದಲ್ಲಿ ತಿದ್ದುಪಡಿ ಸರಿಯಾದದ್ದೇ, ಆದರೆ ಎಂಟು ವರ್ಷಕ್ಕೂ ಹೆಚ್ಚು ಕಾಲ ಬಳಕೆಯಲ್ಲಿದ್ದ ತಪ್ಪನ್ನು ನೆಚ್ಚಿಕೊಂಡ ಕೋಡಿಗೆ ಸರಿಯಾದ ನಡತೆಯೂ ಒಂದು ಪೆಟ್ಟೇ.

ಎರಡನೆಯ ದಾಖಲೆ ಬರುತ್ತಿದ್ದಂತೆಯೇ ಸಂಪರ್ಕ ಮುಚ್ಚಿದೆ ಎಂಬ ದೋಷ ಬಂದಿತು. ದಸ್ತಾವೇಜಿನಲ್ಲಿ ಇದಕ್ಕೆ ಪರ್ಯಾಯವಾಗಿ ಸಂಪರ್ಕದ ಟ್ರಾನ್ಸಾಕ್ಷನ್ ಎಂಬ ಮೆಥಡ್ ಇರುವುದನ್ನು ಕಂಡು, ವಿತ್ ಇದ್ದ ಕಡೆಯಲ್ಲೆಲ್ಲ ಅದನ್ನು ಯಾಂತ್ರಿಕವಾಗಿ ಸೇರಿಸಿದೆವು. ಪರೀಕ್ಷೆಗಳು ಪಾಸಾದವು. ಪ್ರೊಡಕ್ಷನ್ನಿನಲ್ಲಿಯೂ, ಅಂದರೆ ನಿಜ ಬಳಕೆಯಲ್ಲಿಯೂ, ದಿನವಿಡೀ ಒಂದು ದೋಷವೂ ಬರಲಿಲ್ಲ. ರಾತ್ರಿ ನಡೆಯುವ ಲೆಕ್ಕ ಹೊಂದಿಸುವ ಕೆಲಸ ಮಾತ್ರ ಯಾವುದೋ ಒಂದು ಸಾಲಿನ ಬೀಗಕ್ಕೆ ಕಾಯುತ್ತ ನಿಂತಿತು. ಅದನ್ನು ಬಿಡಿಸಲು ದಾಖಲಿಸುವ ಪ್ರಕ್ರಿಯೆಯನ್ನು ನಿಲ್ಲಿಸಿ ಮತ್ತೆ ಆರಂಭಿಸಿದಾಗ ಆ ದಿನ ದಾಖಲಾದ ಎಲ್ಲ ಸಾಲುಗಳೂ ಮಾಯವಾದವು.

ಕಾರಣ ತಿಳಿಯಲು ಇಡೀ ಮುಂಜಾನೆ ಹಿಡಿಯಿತು. ಟ್ರಾನ್ಸಾಕ್ಷನ್ ಮೆಥಡ್‌ಗೆ ಎರಡು ಅವತಾರಗಳಿವೆ. ಸಂಪರ್ಕದಲ್ಲಿ ಯಾವ ಟ್ರಾನ್ಸಾಕ್ಷನ್ನೂ ತೆರೆದಿಲ್ಲದಿದ್ದರೆ ಅದು ಹೊಸದನ್ನು ಆರಂಭಿಸಿ ಕೊನೆಯಲ್ಲಿ ಕಮಿಟ್ ಮಾಡುತ್ತದೆ. ಈಗಾಗಲೇ ಒಂದು ತೆರೆದಿದ್ದರೆ ಅದರೊಳಗೆ ಸೇವ್‌ಪಾಯಿಂಟ್ (ದೋಷ ಬಂದರೆ ಮರಳಬಹುದಾದ ಗುರುತು) ಇಟ್ಟು ಕೊನೆಯಲ್ಲಿ ಆ ಸೇವ್‌ಪಾಯಿಂಟನ್ನು ಬಿಡುಗಡೆ ಮಾಡುತ್ತದೆ, ಹೊರಗಿನ ಟ್ರಾನ್ಸಾಕ್ಷನ್ನಿನ ಗೊಡವೆಗೆ ಹೋಗುವುದಿಲ್ಲ. ನಮ್ಮ ಪ್ರಕ್ರಿಯೆ ಬ್ಲಾಕಿಗೆ ಬರುವ ಮೊದಲು ಸರಕಿನ ಸಂಕೇತ ಸರಿಯಿದೆಯೇ ಎಂದು ನೋಡಲು ಒಂದು ಸೆಲೆಕ್ಟ್ ಕ್ವೆರಿ ಓಡಿಸುತ್ತಿತ್ತು. ಆಟೋಕಮಿಟ್, ಅಂದರೆ ಪ್ರತಿ ಆಜ್ಞೆಯೂ ತಾನಾಗಿಯೇ ಕಮಿಟ್ ಆಗುವ ಸ್ಥಿತಿ, ಇಲ್ಲದ ಸಂಪರ್ಕದಲ್ಲಿ ಯಾವುದೇ ಮೊದಲ ಆಜ್ಞೆ, ಅದು ಬರಿಯ ಸೆಲೆಕ್ಟ್ ಆಗಿದ್ದರೂ, ಒಂದು ಟ್ರಾನ್ಸಾಕ್ಷನ್ನನ್ನು ತಾನಾಗಿಯೇ ತೆರೆಯುತ್ತದೆ. ಎರಡನೆಯ ಆವೃತ್ತಿಯ ವಿತ್ ಬ್ಲಾಕು ಕೊನೆಯಲ್ಲಿ ಕಮಿಟ್ ಕರೆಯುತ್ತಿದ್ದುದರಿಂದ ಆ ಸೆಲೆಕ್ಟ್ ತೆರೆದದ್ದೂ ಅದರ ಜೊತೆಗೇ ಮುಗಿದುಹೋಗುತ್ತಿತ್ತು. ಹೊಸ ಕೋಡಿನಲ್ಲಿ ಪ್ರತಿ ದಾಖಲೆಯೂ ಮೊದಲ ಸೆಲೆಕ್ಟ್ ತೆರೆದ ಒಂದೇ ಟ್ರಾನ್ಸಾಕ್ಷನ್ನಿನೊಳಗಿನ ಸೇವ್‌ಪಾಯಿಂಟ್ ಆಗಿ ಉಳಿಯಿತು. ಹೊರಗಿನದನ್ನು ಕಮಿಟ್ ಮಾಡುವವರು ಯಾರೂ ಇರಲಿಲ್ಲ. ಕಮಿಟ್ ಇಲ್ಲದೆ ಸಂಪರ್ಕ ಮುಚ್ಚಿದರೆ ರೋಲ್‌ಬ್ಯಾಕ್ ಆಗುತ್ತದೆ ಎಂದು ಪೆಪ್ 249 ಸ್ಪಷ್ಟವಾಗಿಯೇ ಹೇಳುತ್ತದೆ; ಪ್ರಕ್ರಿಯೆಯನ್ನು ನಿಲ್ಲಿಸಿದಾಗ ಆದದ್ದು ಅದೇ.

ಪರೀಕ್ಷೆಗಳು ಇದನ್ನು ಹಿಡಿಯದೆ ಹೋದದ್ದಕ್ಕೆ ಅವುಗಳ ವಿನ್ಯಾಸವೇ ಕಾರಣ. ಬರೆದ ಸಂಪರ್ಕದಿಂದಲೇ ಓದಿ ಸಾಲು ಇದೆಯೇ ಎಂದು ಅವು ನೋಡುತ್ತಿದ್ದವು, ಮತ್ತು ತಾನು ಬರೆದದ್ದು ಕಮಿಟ್ ಆಗದಿದ್ದರೂ ಅದೇ ಸಂಪರ್ಕಕ್ಕೆ ಕಾಣುತ್ತದೆ. ಪ್ರೊಡಕ್ಷನ್ನಿನಲ್ಲಿಯೂ ಹಾಗೆಯೇ ಆಯಿತು. ದಾಖಲಿಸುವ ಪ್ರಕ್ರಿಯೆ ತನ್ನ ಸಾಲುಗಳನ್ನು ತಾನೇ ಓದಿ ಎಲ್ಲ ಸರಿಯಿದೆ ಎಂದು ತಿಳಿದುಕೊಂಡಿತು. ಡೇಟಾಬೇಸಿನ ಚಟುವಟಿಕೆ ನೋಟವನ್ನು ಮೊದಲೇ ತೆರೆದಿದ್ದರೆ ಟ್ರಾನ್ಸಾಕ್ಷನ್ನಿನಲ್ಲಿ ನಿಷ್ಕ್ರಿಯ ಎಂಬ ಸ್ಥಿತಿಯಲ್ಲಿ ಬೆಳಗಿನಿಂದ ಕೂತಿದ್ದ ಆ ಸಂಪರ್ಕ ಒಂದೇ ನೋಟಕ್ಕೆ ಕಾಣುತ್ತಿತ್ತು. ಇಂಥ ಸಂಪರ್ಕಗಳನ್ನು ಕಾಲಮಿತಿ ಮೀರಿದಾಗ ಕಡಿದುಹಾಕುವ ವ್ಯವಸ್ಥೆ ಪೋಸ್ಟ್‌ಗ್ರೆಸ್ 9.6ರಿಂದಲೇ ಇದೆ; ಆದರೆ ಅದರ ಮೂಲ ಮೌಲ್ಯ ಸೊನ್ನೆ, ಅಂದರೆ ಆ ವ್ಯವಸ್ಥೆ ಜಾರಿಯಲ್ಲಿರುವುದಿಲ್ಲ, ನಾವೂ ಅದನ್ನು ಮುಟ್ಟಿರಲಿಲ್ಲ. ಕಳೆದುಹೋದ ದಾಖಲೆಗಳನ್ನು ಸರಕಿನ ರಸೀದಿಗಳಿಂದ ಮರುನಮೂದಿಸಿದೆವು.

ಪರಿಹಾರ ಚಿಕ್ಕದು. ಸಂಪರ್ಕವನ್ನು ಆಟೋಕಮಿಟ್ ಸ್ಥಿತಿಯಲ್ಲಿ ತೆರೆದು, ಒಟ್ಟಾಗಿ ಆಗಬೇಕಾದ ಕೆಲಸಗಳನ್ನು ಮಾತ್ರ ಟ್ರಾನ್ಸಾಕ್ಷನ್ ಬ್ಲಾಕಿನೊಳಗೆ ಇಡಬೇಕು. ಆಗ ಸೆಲೆಕ್ಟ್ ಕ್ವೆರಿಗಳು ಏನನ್ನೂ ತೆರೆದಿಡುವುದಿಲ್ಲ, ಬ್ಲಾಕು ಯಾವಾಗಲೂ ಹೊರಗಿನದೇ ಆಗಿರುತ್ತದೆ. ಪರೀಕ್ಷೆಗಳಲ್ಲಿ ಓದಲು ಎರಡನೆಯದೊಂದು ಸಂಪರ್ಕವನ್ನು ತೆರೆದೆವು. ಆ ಒಂದು ಸಾಲು ಮೊದಲೇ ಇದ್ದಿದ್ದರೆ ಇಡೀ ಪ್ರಸಂಗ ಮೊದಲ ದಿನವೇ ಬಯಲಾಗುತ್ತಿತ್ತು.

ಕೆಲವು ವಾರಗಳ ನಂತರ ವೆಬ್ ಭಾಗದ ಸರದಿ ಬಂದಿತು. ಹಿಂದಿನ ಪೆಟ್ಟಿನಿಂದ ಕಲಿತು ಅಲ್ಲಿ ಮೊದಲಿನಿಂದಲೇ ಆಟೋಕಮಿಟ್ ಇಟ್ಟೆವು. ಬಿಡುಗಡೆಯಾದ ಕೆಲವು ನಿಮಿಷ ಎಲ್ಲವೂ ಸರಿಯಿತ್ತು. ಆಮೇಲೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಮೊದಲೇ ಸಿದ್ಧಪಡಿಸಿ ಹೆಸರಿಟ್ಟ ಆಜ್ಞೆ) ಈಗಾಗಲೇ ಇದೆ ಎಂಬ ದೋಷವೂ, ಅದೇ ಹೆಸರಿನ ಸ್ಟೇಟ್‌ಮೆಂಟ್ ಇಲ್ಲವೇ ಇಲ್ಲ ಎಂಬ ದೋಷವೂ ಬೆರೆತು ಬರತೊಡಗಿದವು. ಮರು ಆರಂಭಿಸಿದರೆ ಮತ್ತೆ ಕೆಲವು ನಿಮಿಷ ಸರಿ, ಮತ್ತೆ ಅದೇ ಗೋಳು.

ಪಠ್ಯವನ್ನೂ ಮೌಲ್ಯಗಳನ್ನೂ ಬೇರ್ಪಡಿಸಿದ ಮೇಲೆ ಅದೇ ಪಠ್ಯವನ್ನು ಪ್ರತಿ ಸಲ ಹೊಸದಾಗಿ ವಿಶ್ಲೇಷಿಸುವ ಅಗತ್ಯವಿಲ್ಲ. ಒಮ್ಮೆ ಸಿದ್ಧಪಡಿಸಿ, ಹೆಸರಿಟ್ಟು, ಮುಂದೆ ಹೆಸರು ಮತ್ತು ಮೌಲ್ಯಗಳನ್ನಷ್ಟೇ ಕಳುಹಿಸಬಹುದು. ಈ ಲಾಭವನ್ನು ಬಳಸಿಕೊಳ್ಳಲು ಸೈಕೋಪಿಜಿ 3 ಪ್ರತಿ ಸಂಪರ್ಕದಲ್ಲಿ ಪ್ರತಿ ಕ್ವೆರಿಯ ಲೆಕ್ಕ ಇಡುತ್ತದೆ ಮತ್ತು ಒಂದು ಕ್ವೆರಿ 5 ಸಲಕ್ಕಿಂತ ಹೆಚ್ಚು ಓಡಿದರೆ ಅದನ್ನು ಸರ್ವರಿನಲ್ಲಿ ಸಿದ್ಧಪಡಿಸಿ ಇಡುತ್ತದೆ. ನಮ್ಮ ಪರೀಕ್ಷೆಗಳಲ್ಲಿ ಯಾವ ಕ್ವೆರಿಯೂ ಒಂದೇ ಸಂಪರ್ಕದಲ್ಲಿ ಆರನೆಯ ಸಲ ಓಡುತ್ತಿರಲಿಲ್ಲ. ಲೆಕ್ಕದಲ್ಲಿ ಪಠ್ಯದ ಜೊತೆಗೆ ಮೌಲ್ಯಗಳ ಬಗೆಯೂ ಸೇರುತ್ತದೆ. ಪೈಥಾನಿನ ಪೂರ್ಣಾಂಕವನ್ನು ಅದರ ಗಾತ್ರಕ್ಕೆ ತಕ್ಕಂತೆ ಸ್ಮಾಲ್‌ಇಂಟ್, ಇಂಟಿಜರ್, ಬಿಗ್‌ಇಂಟ್ ಅಥವಾ ನ್ಯೂಮರಿಕ್ ಆಗಿ ಕಳುಹಿಸುವುದರಿಂದ ಒಂದೇ ಕ್ವೆರಿ ಸಣ್ಣ ಸಂಖ್ಯೆಗೆ ಒಂದು ಲೆಕ್ಕ, ದೊಡ್ಡ ಸಂಖ್ಯೆಗೆ ಇನ್ನೊಂದು ಲೆಕ್ಕ ಪಡೆಯುತ್ತದೆ. ದೋಷ ಮೊದಲು ಕಾಣಿಸುವ ಕ್ಷಣ ಪ್ರತಿ ಸಲ ಬೇರೆಯಾಗಿದ್ದುದಕ್ಕೆ ಇದೂ ಒಂದು ಕಾರಣ.

ಪಿಜಿಬೌನ್ಸರ್ ಟ್ರಾನ್ಸಾಕ್ಷನ್ ಕ್ರಮದಲ್ಲಿ ಕೆಲಸ ಮಾಡುವಾಗ ಒಂದು ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಸರ್ವರ್ ಸಂಪರ್ಕವನ್ನು ಹಿಂಪಡೆದು ಇನ್ನೊಬ್ಬರಿಗೆ ಕೊಡುತ್ತದೆ. ಆಟೋಕಮಿಟ್‌ನಲ್ಲಿ ಪ್ರತಿ ಆಜ್ಞೆಯೂ ಸ್ವತಂತ್ರ ಟ್ರಾನ್ಸಾಕ್ಷನ್ ಆದ್ದರಿಂದ ಒಂದಾದ ಮೇಲೊಂದು ಬರುವ ಎರಡು ಆಜ್ಞೆಗಳು ಎರಡು ಬೇರೆ ಸರ್ವರ್ ಸಂಪರ್ಕಗಳಿಗೆ ಹೋಗಬಹುದು. ಮೊದಲ ತೊಡಕಿನ ಮದ್ದು ಎರಡನೆಯ ತೊಡಕನ್ನು ಇನ್ನಷ್ಟು ಕೆರಳಿಸಿತು ಎಂದು ಹೇಳಬೇಕು. ಸಿದ್ಧಪಡಿಸಿದ ಸ್ಟೇಟ್‌ಮೆಂಟ್ ಒಂದು ಸರ್ವರ್ ಸಂಪರ್ಕಕ್ಕೆ ಮಾತ್ರ ಸೇರಿದ್ದು. ಬೇರೊಂದಕ್ಕೆ ಹೋಗಿ ಅದೇ ಹೆಸರು ಕೇಳಿದರೆ ಇಲ್ಲ ಎಂಬ ಉತ್ತರ ಬರುತ್ತದೆ. ಇನ್ನು ಹೆಸರುಗಳ ವಿಷಯ: ಪ್ರತಿ ಸಂಪರ್ಕವೂ ಒಂದೇ ಮುಂಪದಕ್ಕೆ 0ಯಿಂದ ಆರಂಭಿಸಿ ಕ್ರಮಸಂಖ್ಯೆ ಸೇರಿಸಿ ಹೆಸರಿಡುತ್ತದೆ, ಹೀಗಾಗಿ ಎಲ್ಲ ಗ್ರಾಹಕರ (ಪಿಜಿಬೌನ್ಸರ್ ಮೂಲಕ ಬರುವ ಸಂಪರ್ಕಗಳ) ಮೊದಲ ಸ್ಟೇಟ್‌ಮೆಂಟಿನ ಹೆಸರೂ ಒಂದೇ. ಇನ್ನೊಬ್ಬ ಗ್ರಾಹಕ ಆಗಲೇ ಬಳಸಿದ ಹೆಸರನ್ನು ಮತ್ತೆ ಇಡಹೋದರೆ ಈಗಾಗಲೇ ಇದೆ ಎಂಬ ದೋಷ ಬರುತ್ತದೆ. ಇದಕ್ಕಿಂತ ಕೆಟ್ಟ ಸಾಧ್ಯತೆಯೊಂದನ್ನು ನಾವು ಕಾಗದದ ಮೇಲೆ ಬರೆದು ನೋಡಿ ಬೆಚ್ಚಿದೆವು: ಒಬ್ಬ ಗ್ರಾಹಕ ಸಿದ್ಧಪಡಿಸಿದ ಹೆಸರನ್ನು ಇನ್ನೊಬ್ಬ ಗ್ರಾಹಕ ತನ್ನದೆಂದು ತಿಳಿದು ಕರೆದಾಗ, ಮೌಲ್ಯಗಳ ಸಂಖ್ಯೆಯೂ ಬಗೆಯೂ ಕಾಕತಾಳೀಯವಾಗಿ ಹೊಂದಿಬಿಟ್ಟರೆ, ಅವನ ಮೌಲ್ಯಗಳೊಂದಿಗೆ ಬೇರೆಯವರ ಕ್ವೆರಿಯೇ ಓಡುತ್ತದೆ. ನಮ್ಮ ಲಾಗುಗಳಲ್ಲಿ ಅದರ ಗುರುತು ಸಿಗಲಿಲ್ಲ, ಆದರೆ ಅಂದು ವೆಬ್ ಭಾಗವನ್ನು ಹಳೆಯ ಆವೃತ್ತಿಗೆ ಮರಳಿಸಲು ಈ ಸಾಧ್ಯತೆಯೊಂದೇ ಸಾಕಾಯಿತು.

ಮರಳಲು ಹತ್ತು ನಿಮಿಷವೂ ಬೇಕಾಗಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಮೂರನೆಯ ಆವೃತ್ತಿಯ ಪ್ಯಾಕೇಜಿಗೆ ಹಳೆಯದರ ಹೆಸರನ್ನೇ ಕೊಡದೆ ಬೇರೆ ಹೆಸರು ಕೊಟ್ಟಿರುವುದರಿಂದ ಎರಡನ್ನೂ ಒಂದೇ ಪರಿಸರದಲ್ಲಿ ಇಟ್ಟುಕೊಂಡು ಪ್ರಕ್ರಿಯೆಯಿಂದ ಪ್ರಕ್ರಿಯೆಗೆ ಬದಲಿಸಿಕೊಳ್ಳಬಹುದು. ಈ ಇಡೀ ಬದಲಾವಣೆಯಲ್ಲಿ ಲೈಬ್ರರಿ ರೂಪಿಸಿದವರು ಬಳಸುವವರಿಗೆ ಮಾಡಿದ ಅತಿ ದೊಡ್ಡ ಉಪಕಾರ ಇದೇ ಎಂದು ನನಗೆ ಅನ್ನಿಸುತ್ತದೆ. ಒಂದೇ ಹೆಸರಿನಡಿ ಆವೃತ್ತಿ ಸಂಖ್ಯೆಯನ್ನಷ್ಟೇ ಏರಿಸಿದ್ದರೆ ಎಲ್ಲವನ್ನೂ ಒಂದೇ ದಿನ ಬದಲಿಸಬೇಕಾಗುತ್ತಿತ್ತು, ಸರಕು ದಾಖಲೆಯ ಪ್ರಸಂಗವೂ ವೆಬ್ ಭಾಗದ ಪ್ರಸಂಗವೂ ಒಟ್ಟಿಗೆ ಬಂದು ಯಾವುದು ಯಾವುದರಿಂದ ಎಂದು ಬಿಡಿಸಲಾಗುತ್ತಿರಲಿಲ್ಲ.

ಪಿಜಿಬೌನ್ಸರ್ ತೊಡಕಿಗೆ ಎರಡು ದಾರಿಗಳಿದ್ದವು. 2023ರ ಅಕ್ಟೋಬರಿನ 1.21ರಿಂದ ಪಿಜಿಬೌನ್ಸರ್ ತಾನೇ ಪ್ರಿಪೇರ್ಡ್ ಸ್ಟೇಟ್‌ಮೆಂಟುಗಳ ಲೆಕ್ಕ ಇಡಬಲ್ಲದು. ಆದರೆ ಸೈಕೋಪಿಜಿಯ ಸ್ವಯಂಚಾಲಿತ ಸಿದ್ಧತೆಯೊಂದಿಗೆ ಅದು ಹೊಂದಿಕೊಳ್ಳಬೇಕಾದರೆ ಪಿಜಿಬೌನ್ಸರ್ 1.22, ಸೈಕೋಪಿಜಿ 3.2 ಮತ್ತು ಅದರ ಅಡಿಯಲ್ಲಿರುವ ಸಿ ಭಾಷೆಯ ಲಿಬ್‌ಪಿಕ್ಯೂ ಲೈಬ್ರರಿಯ 17ನೆಯ ಆವೃತ್ತಿ ಈ ಮೂರೂ ಬೇಕು, ಏಕೆಂದರೆ ಸಿದ್ಧಪಡಿಸಿದ್ದನ್ನು ಮುಚ್ಚುವ ಸಂದೇಶವನ್ನು ಎಸ್‌ಕ್ಯೂಎಲ್ ಆಜ್ಞೆಯ ರೂಪದಲ್ಲಿ ಕಳುಹಿಸಿದರೆ ಮಧ್ಯವರ್ತಿಗೆ ಅದು ಅರಿವಾಗುವುದಿಲ್ಲ, ಪ್ರೋಟೋಕಾಲಿನ ಮಟ್ಟದಲ್ಲೇ ಕಳುಹಿಸುವ ಸೌಲಭ್ಯ ಬಂದದ್ದು ಲಿಬ್‌ಪಿಕ್ಯೂ 17ರಲ್ಲಿ. ಮೂರು ಘಟಕಗಳನ್ನು ಒಟ್ಟಿಗೆ ಏರಿಸುವ ಧೈರ್ಯ ನಮಗಿರಲಿಲ್ಲ. ಆದ್ದರಿಂದ ವೆಬ್ ಭಾಗದಲ್ಲಿ ಸಿದ್ಧಪಡಿಸುವ ಮಿತಿಯ ಮೌಲ್ಯವನ್ನು 5ರ ಬದಲು ನನ್ (None, ಏನೂ ಇಲ್ಲ) ಎಂದು ಕೊಟ್ಟು ಆ ಸೌಲಭ್ಯವನ್ನೇ ನಿಲ್ಲಿಸಿದೆವು. ವೇಗದಲ್ಲಿ ಕಳೆದುಕೊಂಡದ್ದು ನಮ್ಮ ಬಳಕೆಗೆ ಗಮನಕ್ಕೆ ಬರುವಷ್ಟಿರಲಿಲ್ಲ. ನೇರ ಸಂಪರ್ಕದ ಪ್ರಕ್ರಿಯೆಯಲ್ಲಿ ಮಾತ್ರ ಅದನ್ನು ಮೂಲ ಮೌಲ್ಯಕ್ಕೇ ಬಿಟ್ಟಿದ್ದೇವೆ.

ಕೊನೆಯಲ್ಲಿ ಉಳಿದದ್ದು ದೋಷ ಹುಡುಕುವ ರೂಢಿಗಳ ಹೊಂದಾಣಿಕೆ. ಮೊದಲು ಸರ್ವರಿನ ಲಾಗಿನಿಂದ ಪೂರ್ಣ ಕ್ವೆರಿಯನ್ನು ನಕಲಿಸಿ ಹಾಗೆಯೇ ಓಡಿಸಿ ನೋಡುತ್ತಿದ್ದೆವು. ಈಗ ಲಾಗಿನಲ್ಲಿ $1 ಇರುವ ಪಠ್ಯವೂ ಅದರ ಕೆಳಗಿನ ವಿವರದ ಸಾಲಿನಲ್ಲಿ ಮೌಲ್ಯಗಳೂ ಬರುತ್ತವೆ, ಜೋಡಿಸಿಕೊಳ್ಳಬೇಕಾದವರು ನಾವು. ತುಂಬಿದ ಪಠ್ಯವನ್ನು ತೋರಿಸುತ್ತಿದ್ದ ಮೊಗ್ರಿಫೈ ಎಂಬ ಮೆಥಡ್ ಸಾಮಾನ್ಯ ಕರ್ಸರಿನಲ್ಲಿ ಇಲ್ಲ. ಹಳೆಯ ರೀತಿಯಲ್ಲಿ ನಮ್ಮ ಕಡೆಯೇ ಮೌಲ್ಯ ತುಂಬುವ, 3.1ರಲ್ಲಿ ಬಂದ ಕ್ಲೈಂಟ್ ಕರ್ಸರ್ ಎಂಬ ಬಗೆಯಲ್ಲಿ ಮಾತ್ರ ಇದೆ. ಟೇಬಲುಗಳನ್ನು ರಚಿಸುವಾಗ ಕಾಲಂಗಳಿಗೆ ಮೂಲ ಮೌಲ್ಯಗಳನ್ನು ಪ್ಯಾರಾಮೀಟರಾಗಿ ಕೊಡುವ ಒಂದು ಕಡತದಲ್ಲಿ ಆ ಕರ್ಸರನ್ನೇ ಬಳಸಿದ್ದೇವೆ. ವರ್ಷಕ್ಕೊಮ್ಮೆ ಓಡುವ ಹಳೆಯ ದತ್ತಾಂಶ ವರ್ಗಾವಣೆಯ ಸ್ಕ್ರಿಪ್ಟ್ ಕಾಪಿ ಆಜ್ಞೆಯ ಹಳೆಯ ಮೆಥಡ್‌ಗಳನ್ನು ನೆಚ್ಚಿಕೊಂಡಿದೆ, ಮತ್ತು ಅದನ್ನು ತಿರುಗಿ ಬರೆಯಲು ಇನ್ನೂ ಯಾರೂ ಮುಂದೆ ಬಂದಿಲ್ಲದ ಕಾರಣ ಸೈಕೋಪಿಜಿ 2 ನಮ್ಮ ಅವಲಂಬನೆಗಳ ಪಟ್ಟಿಯಲ್ಲಿ ಆ ಒಂದು ಸ್ಕ್ರಿಪ್ಟಿಗಾಗಿ ಇವತ್ತಿಗೂ ಉಳಿದುಕೊಂಡಿದೆ.